ಕೆರೇತಾರೋ ನೋಡಿಬಂದವಳ ಉಡಿ

ನಮ್ಮೂರ ಬಸ್ ಸ್ಟ್ಯಾಂಡಿನ ಎದುರಿಗೆ ನನ್ನ ಮುಖವಿರುವ ಒಂದು ಬ್ಯಾನರ್ ವರ್ಷವಾದರೂ ನೇತಾಡುತ್ತಲೇ ಇದೆ. ಬಿಸಿಲಿಗೆ ಬಣ್ಣ ಹೋಗಿ ನಾನು ಕಾಮಾಲೆ ಹಿಡಿದವಳಂತೆ ಕಾಣುತ್ತೇನೆ. ನನ್ನ ಹಿಂದೆ ಮೆಕ್ಸಿಕೋ ದೇಶದ ಕೆರೇತಾರೋ ಎಂಬ ಹಳೆಯ ನಗರದ ಕಲ್ಲಿನ ಕಮಾನುಗಳು ಸಾಲಾಗಿ ನಿಂತಿವೆ. ಪಕ್ಕದಲ್ಲಿ ಮೂರು ಅಂತಸ್ತಿನ ಗಾಜಿನ ಕಟ್ಟಡವೊಂದರ ಚಿತ್ರ. ಕೆಳಗೆ ದಪ್ಪ ಅಕ್ಷರದಲ್ಲಿ, ನಾನು ಹೇಳಿದ ಮಾತೆಂದು ಹಾಕಿದ್ದಾರೆ: 'ಅಲ್ಲಿ ಆದದ್ದು ನಮ್ಮೂರಲ್ಲೂ ಆಗಬೇಕು.' ಮಾತು ನನ್ನದೇ. ಸುಳ್ಳು ಬರೆದಿದ್ದರೆ ಜಗಳ ತೆಗೆದು ಹರಿದು ಹಾಕಬಹುದಿತ್ತು. ನಾನು ಆಡಿದ್ದನ್ನೇ ಅರ್ಧಕ್ಕೆ ಕತ್ತರಿಸಿ ನನ್ನ ಮುಖದ ಕೆಳಗೆ ತೂಗುಹಾಕಿದ್ದಾರೆ. ಆ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಶಿಗ್ಗಾಂವಿಯಲ್ಲಿ ಹೆದ್ದಾರಿ ಬಿಟ್ಟು ಹಾನಗಲ್ಲಿನ ಕಡೆ ಹೊರಳಿದರೆ ಸಿಗುವ, ಹಳ್ಳಿ ಅಂದರೆ ಸಿಟ್ಟಾಗುವ, ಪಟ್ಟಣ ಅಂದರೆ ನಾಚಿಕೊಳ್ಳುವ ಊರು. ಊರ ತಲೆಗೆ ಒಂದು ಹಾಳು ಹುಡೇ ಇದೆ. ಕೋಟೆಯೆಂಬುದೆಲ್ಲ ಬಿದ್ದುಹೋಗಿ ಉಳಿದ ಒಂದೇ ಬುರುಜು ಅದು. ಅದರ ಬುಡದ ಜಾಗಕ್ಕೆ ಹುಡೇದ ಬಯಲು ಎನ್ನುತ್ತೇವೆ. ಸುಗ್ಗಿಯಲ್ಲಿ ಅಲ್ಲಿ ಗೋವಿನಜೋಳ ಒಣಗಿಸುತ್ತಾರೆ. ರಾಶಿ ಎತ್ತಿದ ಮೇಲೆ ಅಲ್ಲಿ ಫುಟ್‌ಬಾಲ್.

ಬಯಲಿನ ಒಂದು ಗೋಲಿಗೆ ಎರಡು ಕಬ್ಬಿಣದ ಪೈಪು. ಇನ್ನೊಂದು ಗೋಲಿಗೆ ಬಲಗಂಬ ನೀಲಗಿರಿಯ ಗಳ, ಎಡಗಂಬ ಒಂದು ವೀರಗಲ್ಲು. ಆಳೆತ್ತರದ ಕಲ್ಲು. ಕೆಳಗಿನ ಸಾಲಿನಲ್ಲಿ ದನಗಳನ್ನು ಬಿಡಿಸಿಕೊಳ್ಳಲು ಕತ್ತಿ ಎತ್ತಿ ನಿಂತವನು, ನಡುವೆ ಅವನನ್ನು ಎತ್ತಿಕೊಂಡು ಹೊರಟ ಹೆಂಗಸರು, ಮೇಲೆ ಲಿಂಗದ ಎದುರು ಕೈಮುಗಿದು ಕೂತವನು. ಅದನ್ನು ಗೋಲುಗಂಬ ಮಾಡಿದವರು ಯಾರೆಂದು ಯಾರಿಗೂ ಗೊತ್ತಿಲ್ಲ. ನಮ್ಮಪ್ಪ ಚಿಕ್ಕವನಿದ್ದಾಗಲೂ ಹಾಗೇ ಇತ್ತಂತೆ. ಆಟಕ್ಕೆ ಇಳಿಯುವ ಮುಂಚೆ ಎಲ್ಲರೂ ಆ ಕಲ್ಲು ಮುಟ್ಟಿ ಎದೆ ಮುಟ್ಟಿಕೊಳ್ಳುತ್ತಾರೆ. ಅದರ ಹತ್ತಿರ ಕಾಲಲ್ಲಿ ಚಪ್ಪಲಿ ಇಟ್ಟುಕೊಂಡು ಯಾರೂ ನಿಲ್ಲುವುದಿಲ್ಲ. ಹಾನಗಲ್ಲ, ಸವಣೂರು, ಹಿರೇಕೆರೂರಿನ ಕಡೆಯ ಆಟಗಾರರಿಗೆಲ್ಲ ನಮ್ಮ ಬಯಲು ಕಲ್ಲಿನ ಗೋಲು ಎಂದೇ ಗೊತ್ತು.

ಆ ಬಯಲಿನಲ್ಲಿ ಇಪ್ಪತ್ತು ವರ್ಷದಿಂದ ಊರಿನ ಫುಟ್‌ಬಾಲ್ ಕ್ಲಬ್ ನಡೆಸುತ್ತ ಬಂದವನು ಎಲೆ ವ್ಯಾಪಾರಿ. ಶಾಲೆಯಲ್ಲಿ ನನಗಿಂತ ಎರಡು ಇಯತ್ತೆ ಹಿಂದೆ ಇದ್ದ. ನಸುಕಿನಲ್ಲಿ ಸವಣೂರಿನ ತೋಟಗಳಿಂದ ವೀಳ್ಯದೆಲೆ ತಂದು, ತೊಳೆದು, ಎಣಿಸಿ, ಕಟ್ಟು ಕಟ್ಟಿ ಅಂಗಡಿಗಳಿಗೆ, ಮದುವೆ ಮನೆಗಳಿಗೆ ಹಾಕುತ್ತಾನೆ. ಸಂಜೆ ಕೊರಳಲ್ಲಿ ಸೀಟಿ ಹಾಕಿಕೊಂಡು ಬಯಲಿಗೆ ಬರುತ್ತಾನೆ. ಗಂಡುಮಕ್ಕಳ ಎರಡು ತಂಡ ಇದ್ದವು. ಐದು ವರ್ಷದ ಹಿಂದೆ ಅವನ ಸ್ವಂತ ಮಗಳು ಹಟ ಹಿಡಿದಳೆಂದು ಹೆಣ್ಣುಮಕ್ಕಳದೂ ಒಂದು ತಂಡ ಮಾಡಿದ. ಊರಲ್ಲಿ ನಕ್ಕರು. ಅವನು ಎಲೆ ನಾರು ತೆಗೆದಷ್ಟೇ ಸಮಾಧಾನದಿಂದ ಆ ನಗುವನ್ನು ಬದಿಗೆ ಹಾಕಿದ. ಅವನಿಗೆ ಆ ಬಯಲು ಬಿಟ್ಟರೆ ಬೇರೆ ಬಯಲಿಲ್ಲ. ಶಾಲೆಯ ಅಂಗಳ ಕಬಡ್ಡಿಗೆ ಸಾಕು, ಫುಟ್‌ಬಾಲಿಗೆ ಸಾಲದು. ಇದು ಊರಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು.

ನಾನು ಮದುವೆಯಾಗಿ ಹುಬ್ಬಳ್ಳಿಯಲ್ಲಿರುವವಳು. ಗಾಡಿಗಳ ಗೇರ್ ಮಾಡುವ ಕಾರ್ಖಾನೆಯೊಂದರಲ್ಲಿ ತಯಾರಾದ ಮಾಲು ಅಳೆದು ನೋಡುವ ವಿಭಾಗದಲ್ಲಿ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಪಕ್ಕಕ್ಕಿಡುವುದು ನನ್ನ ಉದ್ಯೋಗ. ಊರಲ್ಲಿ ಮಾತ್ರ ಆನೆಯಷ್ಟು ವ್ಯತ್ಯಾಸ ಕಣ್ಣಿಗೆ ಬೀಳಲಿಲ್ಲ. ನಮ್ಮ ಕಾರ್ಖಾನೆಯ ಮಾಲು ಕೊಳ್ಳುವವರು ಕೆರೇತಾರೋದಲ್ಲಿ ಹೊಸ ಘಟಕ ತೆರೆದಿದ್ದರು. ಅಳತೆಯ ಕೆಲಸ ಕಲಿಸಲು ಮೂವರನ್ನು ಕಳಿಸಿದರು. ಅವರಲ್ಲಿ ನಾನೊಬ್ಬಳು. ಏಳು ತಿಂಗಳು ಇದ್ದೆ.

ಆ ನಗರ ನೋಡಿ ನನಗೆ ಮೊದಲು ಬಂದದ್ದು ಸಂತೋಷವಲ್ಲ, ಹೊಟ್ಟೆಕಿಚ್ಚು. ಊರ ನಡುವೆ ಗುಲಾಬಿ ಬಣ್ಣದ ಕಲ್ಲಿನ ಎತ್ತರದ ಕಮಾನುಗಳು, ಎಪ್ಪತ್ತಕ್ಕೂ ಹೆಚ್ಚು, ದೂರದ ಬೆಟ್ಟದಿಂದ ನೀರು ತರಲು ಮುನ್ನೂರು ವರ್ಷದ ಹಿಂದೆ ಕಟ್ಟಿದ್ದು. ಈಗ ಅದರಲ್ಲಿ ನೀರು ಹರಿಯುವುದಿಲ್ಲ. ಉಪಯೋಗವಿಲ್ಲ ಎಂದು ಕೆಡವಿಲ್ಲ. ದೊಡ್ಡ ರಸ್ತೆ ಮಾಡಿದ್ದಾರೆ, ನಡುವೆ ಕಮಾನು, ಎರಡೂ ಬದಿಗೆ ವಾಹನ. ಹಳೆ ಊರಿನ ಓಣಿಗಳಲ್ಲಿ ಕಾಲ್ನಡಿಗೆ ಬಿಟ್ಟು ಬೇರೇನಿಲ್ಲ. ಅಂಗಡಿಯ ಬೋರ್ಡು ಬಾಗಿಲಿಗಿಂತ ದೊಡ್ಡದಿರಕೂಡದು, ಗೋಡೆಗೆ ಬೇರೆ ಬಣ್ಣ ಬಳಿಯಬೇಕಾದರೆ ಕೇಳಬೇಕು. ಹಾಗೆಂದು ಅವರು ಹಳೇ ಕಲ್ಲು ನೆಕ್ಕಿಕೊಂಡು ಹಸಿದು ಕೂತವರಲ್ಲ. ಊರಾಚೆ ಬಯಲುಸೀಮೆಯಲ್ಲಿ ಕಾರ್ಖಾನೆಗಳೇ ಕಾರ್ಖಾನೆಗಳು: ಕಾರಿನ ಭಾಗ, ವಿಮಾನದ ಭಾಗ, ಫ್ರಿಜ್ಜು. ಬೆಳಿಗ್ಗೆ ಬಿಳಿ ಬಸ್ಸುಗಳು ಜನರನ್ನು ಹೊತ್ತೊಯ್ಯುತ್ತಿದ್ದವು. ನಾನೂ ಅವುಗಳಲ್ಲೊಂದರಲ್ಲಿ ಹೋಗುತ್ತಿದ್ದೆ.

ನಾನು ಬಾಡಿಗೆಗಿದ್ದ ಮನೆಯೊಡತಿ ಅರವತ್ತು ದಾಟಿದ ಹೆಂಗಸು. ಗೋವಿನಜೋಳದ ಹಿಟ್ಟು ನಾದಿ, ಅಂಗೈಯಲ್ಲಿ ತಟ್ಟಿ ರೊಟ್ಟಿ ಹಾಕುತ್ತಿದ್ದಳು. ಥೇಟ್ ನಮ್ಮವ್ವನ ಕೈ. ನಾವು ಕೋಳಿಗೆ ಮಾರುವ ಕಾಳನ್ನು ಅವರು ದೇವರ ಪ್ರಸಾದದಂತೆ ತಿನ್ನುತ್ತಾರೆ. ಅವಳ ಮನೆಯಲ್ಲಿ ಗಂಡ ಊರಿನ ದೊಡ್ಡ ಫುಟ್‌ಬಾಲ್ ಕ್ಲಬ್ಬಿನ ಕಡೆ, ಅಳಿಯ ಪಕ್ಕದ ಊರಿನ ಕ್ಲಬ್ಬಿನ ಕಡೆ. ಆಟವಿದ್ದ ದಿನ ಇಬ್ಬರಿಗೂ ಬೇರೆ ಬೇರೆ ಕೋಣೆಯಲ್ಲಿ ಊಟ. ಭಾನುವಾರ ಅವಳು ಬುಟ್ಟಿ ಹೊತ್ತು ನನ್ನನ್ನೂ ಕರೆದುಕೊಂಡು ತಮ್ಮ ಓಣಿಯ ತಂಡದ ಆಟಕ್ಕೆ ಹೋಗುತ್ತಿದ್ದಳು. ಹುಲ್ಲಿಲ್ಲದ ಧೂಳಿನ ಬಯಲು, ಒಂದು ಕಡೆ ಹಳೇ ಗೋಡೆ, ಪೈಪಿನ ಗೋಲು. ಸುತ್ತ ಹೊಸ ಹೊಸ ಅಪಾರ್ಟ್‌ಮೆಂಟುಗಳು ಎದ್ದಿದ್ದವು. ಆ ಬಯಲು ಮಾತ್ರ ಬಯಲಾಗಿಯೇ ಇತ್ತು. ಅಲ್ಲಿ ಕೂತು ಬೇಯಿಸಿದ ತೆನೆ ತಿನ್ನುವಾಗ ನನಗೆ ಹುಡೇದ ಬಯಲು ನೆನಪಾಗುತ್ತಿತ್ತು. ಫೋನಿನಲ್ಲಿ ನೂರಾರು ಫೋಟೋ ತೆಗೆದೆ. ಎಲೆಯವನಿಗೆ ಕಳಿಸಿದೆ. ಅವನು ಹುಡುಗಿಯರ ತಂಡಕ್ಕೆಲ್ಲ ತೋರಿಸಿದನಂತೆ.

ಮರಳಿ ಬಂದ ಮೇಲೆ ನನ್ನ ಬಾಯಿ ಸುಮ್ಮನಿರಲಿಲ್ಲ. ಹಬ್ಬಕ್ಕೆಂದು ತವರಿಗೆ ಹೋದಾಗ ಅಣ್ಣನ ಕಟ್ಟೆಯ ಮೇಲೆ ಬಂದವರಿಗೆಲ್ಲ ಕೆರೇತಾರೋ ಪುರಾಣ. ಊರಲ್ಲಿ ಆಗ ಒಂದು ಅಭಿವೃದ್ಧಿ ಸಮಿತಿ ಹುಟ್ಟಿತ್ತು. ಅದರ ಅಧ್ಯಕ್ಷರು ಸಿಮೆಂಟು ಕಬ್ಬಿಣದ ವ್ಯಾಪಾರಿ, ಅಣ್ಣನಿಗೆ ಬೇಕಾದವರು. ಅಣ್ಣನ ಮಗಳಿಗೆ ಅವರ ತಂಗಿಯ ಮಗನನ್ನು ನೋಡುವ ಮಾತು ನಡೆದಿತ್ತು. ಅವರು ಶಾಲೆಯಲ್ಲಿ ನನ್ನದೊಂದು ಭಾಷಣ ಇಟ್ಟರು. ಗೋಡೆಯ ಮೇಲೆ ಫೋಟೋ ಹಾಕಿ ತೋರಿಸುತ್ತ ನಾನು ಒಂದು ತಾಸು ಮಾತಾಡಿದೆ. ಹಳೇದನ್ನು ಕೆಡವದೆ, ಆಡುವ ಜಾಗ ಮುಟ್ಟದೆ, ಕಾರ್ಖಾನೆಯನ್ನೂ ತಂದು ಊರು ಬೆಳೆಸಿದ್ದಾರೆ, ಅಲ್ಲಿ ಆದದ್ದು ನಮ್ಮೂರಲ್ಲೂ ಆಗಬೇಕು ಎಂದೆ. ಜನ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಆ ಚಪ್ಪಾಳೆಗೆ ನಾನು ಉಬ್ಬಿದೆ. ಉಬ್ಬಿದ್ದನ್ನು ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಎರಡು ತಿಂಗಳ ಮೇಲೆ ಅಣ್ಣನ ಹೆಂಡತಿ, ನಮ್ಮ ವೈನಿ, ಫೋನು ಮಾಡಿದಳು. ಊರ ಮಗಳು ಹೊರದೇಶಕ್ಕೆ ಹೋಗಿ ಹೆಸರು ತಂದಳೆಂದು ಸಮಿತಿಯವರು ಉಡಿ ತುಂಬುತ್ತಾರಂತೆ, ಭಾನುವಾರ ಬರಬೇಕಂತೆ, ರೇಷ್ಮೆ ಸೀರೆ ಉಟ್ಟುಕೊಂಡೇ ಬರಬೇಕಂತೆ. ಗಂಡಸಾಗಿದ್ದರೆ ಶಾಲು ಹೊದಿಸಿ ಹಾರ ಹಾಕಿ ಕಳಿಸುತ್ತಿದ್ದರು. ಮುತ್ತೈದೆಗೆ ತವರು ಕೊಡುವುದು ಉಡಿ. ಯಾವ ಪೂಜೆ, ಯಾವ ಕಾರ್ಯ ಎಂದು ನಾನು ಕೇಳಲಿಲ್ಲ. ನಮ್ಮ ಸೀಮೆಯ ಯಾವ ಹೆಣ್ಣುಮಗಳೂ ಕೇಳುವುದಿಲ್ಲ. ತವರಿನಿಂದ ಉಡಿ ತುಂಬುತ್ತೇವೆ ಬಾ ಎಂದರೆ ಹೋಗುವುದು, ಸೆರಗು ಒಡ್ಡುವುದು, ಅಷ್ಟೇ. ಅಮೆರಿಕದ ಆಚೆಗೆ ಹೋಗಿಬಂದ ನಾನು, ದಿನಕ್ಕೆ ನೂರು ಮಾಲು ಅಳೆದು ಸಹಿ ಹಾಕುವ ನಾನು, ಒಂದು ಪ್ರಶ್ನೆ ಕೇಳದೆ ಬಸ್ಸು ಹತ್ತಿದೆ.

ಹುಡೇದ ಬಯಲಿನಲ್ಲಿ ಶಾಮಿಯಾನ ಹಾಕಿದ್ದರು. ಅದು ನನಗೆ ವಿಶೇಷ ಅನಿಸಲಿಲ್ಲ. ಊರಲ್ಲಿ ಯಾವ ಕಾರ್ಯಕ್ರಮವಾದರೂ ಅಲ್ಲೇ ಆಗುತ್ತದೆ. ಎಲೆಯವನು ಕಾಣಲಿಲ್ಲ. ಹಿರೇಕೆರೂರಿನ ಕಡೆ ಎರಡು ದಿನದ ಪಂದ್ಯಾವಳಿ, ಮೂರೂ ತಂಡ ಟೆಂಪೋದಲ್ಲಿ ಹೋಗಿವೆ ಎಂದು ಯಾರೋ ಹೇಳಿದರು. ಬಯಲು ಖಾಲಿ ಇರುವ ದಿನವನ್ನೇ ಹುಡುಕಿ ಇಟ್ಟಿದ್ದರೆಂದು ಆಗ ನನಗೆ ಹೊಳೆಯಲಿಲ್ಲ.

ನನ್ನನ್ನು ಪೂರ್ವಕ್ಕೆ ಮುಖ ಮಾಡಿ ಮಣೆಯ ಮೇಲೆ ಕೂಡಿಸಿದರು. ಐವರು ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ಕುಂಕುಮ ಹಚ್ಚಿ, ಒಡ್ಡಿದ ಸೆರಗಿಗೆ ಬೊಗಸೆ ಬೊಗಸೆ ಅಕ್ಕಿ ಸುರಿದರು. ಕುಬುಸದ ಖಣ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಬಾಳೆಹಣ್ಣು, ಮೇಲೆ ಒಂದು ಕಟ್ಟು ಎಳೇ ಎಲೆ. ಉಡಿ ಮಡಿಲ ತುಂಬ ಆಯಿತು. ಆಗ ಪೂಜೆ ಮಾಡಿಸುವ ಅಯ್ಯನವರು ನನ್ನ ಎದುರಿಗೆ ಒಂದು ಇಟ್ಟಂಗಿ ಇಟ್ಟು ಅರಿಷಿಣ ಹಚ್ಚಿದರು. ಪಕ್ಕದಲ್ಲಿ ಹೊಸ ಗುದ್ದಲಿ. ಅಧ್ಯಕ್ಷರು ಮೈಕು ಹಿಡಿದು, ಇಲ್ಲಿ ಏಳಲಿರುವ ವಾಣಿಜ್ಯ ಸಂಕೀರ್ಣದ ಭೂಮಿಪೂಜೆ ಊರ ಮಗಳ ಹಸ್ತದಿಂದ ಎಂದು ಸಾರಿದರು. ಹಿಂದಿನ ಪರದೆ ಸರಿಸಿದರು. ಈಗ ಬಸ್ ಸ್ಟ್ಯಾಂಡಿನಲ್ಲಿರುವ ಬ್ಯಾನರು ಅಲ್ಲಿತ್ತು.

ನಾನು ತಲೆ ಎತ್ತಿ ನೋಡಿದೆ. ನನ್ನ ಎಡಕ್ಕೆ ವೀರಗಲ್ಲು, ಬಲಕ್ಕೆ ನೀಲಗಿರಿಯ ಗಳ. ನನ್ನನ್ನು ಗೋಲಿನ ಬಾಯಲ್ಲೇ ಕೂಡಿಸಿದ್ದರು.

ಎದ್ದುಬಿಡಬೇಕಿತ್ತು. ಉಡಿ ತುಂಬಿದ ಹೆಂಗಸು ದಡಕ್ಕನೆ ಏಳಲಾರಳು. ಎದ್ದರೆ ಅಕ್ಕಿ ಚೆಲ್ಲುತ್ತದೆ, ಉಡಿಯ ಅಕ್ಕಿ ಚೆಲ್ಲಿದರೆ ತವರಿಗೆ ಕೇಡು ಎಂದು ಹುಟ್ಟಿದಾಗಿನಿಂದ ಕೇಳಿದ್ದೇನೆ. ಎರಡೂ ಕೈ ಸೆರಗಿನ ಕೆಳಗೆ ಸಿಕ್ಕಿಕೊಂಡಿದ್ದವು. ವೈನಿ ಪಕ್ಕದಲ್ಲಿ ನಿಂತು ಭುಜ ಒತ್ತಿ ಹಿಡಿದಿದ್ದಳು, ಪ್ರೀತಿಯಿಂದಲೋ ಭಯದಿಂದಲೋ. ಎದುರಿಗೆ ಊರಿಗೆ ಊರೇ ಕೂತಿತ್ತು. ಹುಡೇ ಏನಾಗುತ್ತದೆ ಎಂದು ಕೇಳುವಷ್ಟು ಮಾತ್ರ ನನ್ನ ಬಾಯಿ ತೆರೆಯಿತು.

ಅಧ್ಯಕ್ಷರು ನಕ್ಕರು. 'ಹುಡೇಕ್ಕ ಲೈಟ್ ಹಾಕಸ್ತೇವಿ ತಂಗಿ. ಕಲ್ಲಿಗೆ ಮುಂದ ಹುಲ್ಲಿನ ತೋಟಾ ಮಾಡಿ ಚಂದಂಗ ನಿಲ್ಲಸ್ತೇವಿ. ನೀ ಹೇಳಿದಂಗನ ಹಳೇದೂ ಇರ್ತೈತಿ, ಹೊಸಾದೂ ಬರ್ತೈತಿ.'

ಆಟದ ಬಯಲಿನ ಬಗ್ಗೆ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಗುದ್ದಲಿಯ ಕಾವಿಗೆ ನನ್ನ ಒಂದು ಕೈ ಎಳೆದು ಹಚ್ಚಿದರು. ಅಧ್ಯಕ್ಷರೇ ಗುದ್ದಲಿ ಎತ್ತಿ ಇಳಿಸಿದರು. ಫೋಟೋದಲ್ಲಿ ಮಾತ್ರ ನಾನು ಅಗಿದಂತಿದೆ. ಇನ್ನೊಂದು ಕೈಯಲ್ಲಿ ಉಡಿ ಚೆಲ್ಲದ ಹಾಗೆ ಬಿಗಿಯಾಗಿ ಹಿಡಿದಿದ್ದೆ. ಆ ಫೋಟೋ ನೋಡಿದವರು ನನ್ನ ಮುಖದಲ್ಲಿ ಎಷ್ಟು ಭಕ್ತಿ ಇದೆ ಎನ್ನುತ್ತಾರೆ. ಅದು ಭಕ್ತಿಯಲ್ಲ, ಹೇಡಿತನ.

ಮರುದಿನ ಸಂಜೆ ತಂಡಗಳು ಮರಳಿದವು. ಹುಡುಗಿಯರು ಗೆದ್ದಿದ್ದರು. ಹಾಡು ಹೇಳುತ್ತ, ಕಪ್ಪು ಎತ್ತಿಕೊಂಡು ನೇರ ಬಯಲಿಗೇ ಬಂದರಂತೆ. ಗೆದ್ದ ತಂಡ ಮೊದಲು ಕಲ್ಲು ಮುಟ್ಟಿಯೇ ಮನೆಗೆ ಹೋಗುವುದು ವಾಡಿಕೆ. ಸುತ್ತ ಹಗ್ಗ ಕಟ್ಟಿ, ಸುಣ್ಣದ ಗೆರೆ ಎಳೆದು, ಗೋಲಿನ ಮುಂದೆ ತೆಗ್ಗು ತೋಡಿತ್ತು. ಹಗ್ಗ ದಾಟಬೇಡಿ, ಪೂಜೆಯಾದ ಜಾಗ ಎಂದು ಕಾವಲಿಗೆ ಕೂತವನೊಬ್ಬ ಗದರಿಸಿದನಂತೆ.

ಎಲೆಯವನು ಅಣ್ಣನ ಮನೆಗೆ ಬಂದ. ಒಳಗೆ ಬಾ ಎಂದರೂ ಬರಲಿಲ್ಲ, ಕಟ್ಟೆಯ ಕೆಳಗೇ ನಿಂತ. ಕೊರಳಲ್ಲಿ ಸೀಟಿ ಇನ್ನೂ ಇತ್ತು. ಅವನು ಕೂಗಾಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಸಮಿತಿಯವರು ಶುಕ್ರವಾರವೇ ಅವನಲ್ಲಿ ಪೂಜೆಗೆಂದು ಎಲೆ ಹೇಳಿ ಹೋಗಿದ್ದರಂತೆ. ಅಕ್ಕಾರಿಗೆ, ಅಂದರೆ ನನಗೆ, ಉಡಿ ತುಂಬುವುದಕ್ಕೆ ಎಂದು ಕೇಳಿ, ತಾನೇ ಎಳೇ ಎಲೆ ಆರಿಸಿ, ಹಣ ಬೇಡವೆಂದು ಹೇಳಿ ಕಟ್ಟು ಕೊಟ್ಟಿದ್ದನಂತೆ. ಇದನ್ನು ಅವನು ದೂರಿನಂತೆ ಹೇಳಲಿಲ್ಲ, ವರದಿಯಂತೆ ಹೇಳಿದ. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು.

ಅವನು ಒಂದೇ ಒಂದು ಕೆಲಸ ಕೇಳಿದ. ಜಾಗದ ಬಗ್ಗೆ ತಕರಾರು ಇದ್ದವರು ಹದಿನೈದು ದಿನದೊಳಗೆ ಬರೆದುಕೊಡಿ ಎಂದು ಪಂಚಾಯ್ತಿಯವರು ತಮ್ಮ ಬೋರ್ಡಿಗೆ ಕಾಗದ ಅಂಟಿಸಿದ್ದರು. 'ನಾ ಬರದ್ರ ಆಟದ ಹುಚ್ಚ ಅಂತಾರ, ಅಕ್ಕಾರ. ಅವ್ರು ನಿಮ್ಮ ಹೆಸರ ಮ್ಯಾಲೆ ಇದನ್ನ ಕಟ್ಟಾಕತ್ತಾರ. ನಾ ಹೇಳಿದ್ದು ಇದಲ್ಲ ಅಂತ ನೀವ ಒಂದ ಅರ್ಜಿ ಬರದುಕೊಡ್ರಿ. ನಾಲ್ಕ ಸಾಲು ಸಾಕು.'

ಬರೆದುಕೊಡುತ್ತೇನೆ ಎಂದೆ. ಅವನು ಕೈಮುಗಿದು ಹೋದ. ಅವನ ಮಗಳು ಗೇಟಿನ ಹತ್ತಿರ ಕಪ್ಪು ಹಿಡಿದು ನಿಂತಿದ್ದಳು. ನನ್ನ ಮುಖ ನೋಡಲಿಲ್ಲ.

ಒಳಗೆ ಬಂದರೆ ಅಣ್ಣ ಜೋಕಾಲಿಯ ಮೇಲೆ ಕೂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ನನ್ನಣ್ಣ ಕೆಟ್ಟವನಲ್ಲ, ಇದನ್ನು ಹೇಳಲೇಬೇಕು. ಅಪ್ಪ ಹೋದ ಮೇಲೆ ಒಂದು ಹಬ್ಬಕ್ಕೂ ನನ್ನನ್ನು ಕರೆಯದೆ ಬಿಟ್ಟವನಲ್ಲ. ಅವನು ದನಿ ಎತ್ತದೆ ಮಾತಾಡಿದ. 'ಊರ ಮುಂದ ಉಡಿ ತುಂಬಿಸಿಕೊಂಡು ಬಂದೀದಿ. ಅದರ ಅಕ್ಕಿ ಇನ್ನೂ ಅಡಗಿ ಮನ್ಯಾಗ ಐತಿ. ಅದನ್ನ ಉಂಡು ಅವರ ಮ್ಯಾಲೆ ತಕರಾರ ಬರೀತಿಯೇನು? ಬರಿ. ನನ್ನ ಮಗಳ ಮಾತು ಮುರೀತಂದ್ರ ನೀನ ಬಂದು ಆಕಿಗೆ ಹೇಳು.'

ವೈನಿ ಆ ಅಕ್ಕಿಯಿಂದಲೇ ಹುಗ್ಗಿ ಮಾಡಿದ್ದಳು. ಉಂಡೆ. ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹುಬ್ಬಳ್ಳಿಗೆ ಹೊರಟೆ. ಬಸ್ಸು ಬಯಲಿನ ಪಕ್ಕದಿಂದಲೇ ಹೋಗುತ್ತದೆ. ಎಲೆಯವನು ಹಗ್ಗದ ಆಚೆ, ರಸ್ತೆಯ ಅಂಚಿನಲ್ಲಿ ಹುಡುಗಿಯರನ್ನು ಓಡಿಸುತ್ತಿದ್ದ. ನಾನು ಕಿಟಕಿಯ ಗಾಜು ಮುಚ್ಚಿ ಬಸ್ಸಿನ ಇನ್ನೊಂದು ಬದಿಯ ಸೀಟಿಗೆ ಹೋಗಿ ಕೂತೆ.

ಹುಬ್ಬಳ್ಳಿಯಲ್ಲಿ ನೆಪಗಳಿಗೆ ಬರವಿರಲಿಲ್ಲ. ಕಾರ್ಖಾನೆಗೆ ತಪಾಸಣೆಯವರು ಬರುವವರಿದ್ದರು. ಗಂಡನಿಗೆ ಜ್ವರ ಬಂತು. ಎಲ್ಲ ನಿಜವೇ. ಆದರೆ ನಾಲ್ಕು ಸಾಲು ಬರೆಯಲು ಎಷ್ಟು ಹೊತ್ತು ಬೇಕು? ಎರಡು ಸಲ ಬರೆದೆ ಕೂಡ. ಒಮ್ಮೆ ಬಹಳ ಬಿರುಸಾಯಿತೆಂದು ಹರಿದೆ. ಇನ್ನೊಮ್ಮೆ ಬಹಳ ಮೆತ್ತಗಾಯಿತೆಂದು ಹರಿದೆ. ಎಲೆಯವನ ಫೋನು ಮೂರು ಸಲ ಬಂತು, ಮೂರು ಸಲವೂ ಎತ್ತಲಿಲ್ಲ. ನಾಲ್ಕನೆಯ ಸಲ ಬರಲಿಲ್ಲ. ಮಗಳ ಮದುವೆಯ ಮಾತಿಗಾಗಿ ಅಣ್ಣ ಹಾಗೆ ಹೇಳಿದ್ದರಲ್ಲಿ ಅರ್ಥವಿದೆ, ನಾನು ಒಬ್ಬಳು ಬರೆದರೆ ಏನು ನಿಲ್ಲುತ್ತದೆ, ಊರಿಗೂ ನಾಲ್ಕು ಅಂಗಡಿ ಬಂದರೆ ಒಳ್ಳೆಯದೇ ಅಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಸಿಮೆಂಟಿನ ವ್ಯಾಪಾರಿಯ ಮಾತುಗಳನ್ನು ಅವನಿಗಿಂತ ಚೆನ್ನಾಗಿ ನಾನೇ ಆಡಿದೆ.

ಹದಿನೈದು ದಿನ ಮುಗಿದ ಮೇಲೆ ನನಗೆ ಸಿಟ್ಟು ಬಂತು. ಮುಗಿದ ಮೇಲೆ ಬರುವ ಸಿಟ್ಟಿಗೆ ಖರ್ಚಿಲ್ಲ. ರಜೆ ಹಾಕಿ ಊರಿಗೆ ಹೋಗಿ, ಅಣ್ಣನ ಮನೆಗೂ ಹೋಗದೆ, ನೇರ ಸಮಿತಿಯ ಕೋಣೆಗೆ ನುಗ್ಗಿದೆ. ನಾನು ಹೇಳಿದ್ದೇನು ನೀವು ಮಾಡುತ್ತಿರುವುದೇನು, ಅಲ್ಲಿ ಬಯಲು ಉಳಿಸಿದ್ದಾರೆ, ನೀವು ಬಯಲೇ ನುಂಗುತ್ತಿದ್ದೀರಿ, ನನ್ನ ಬ್ಯಾನರ್ ಇಳಿಸಿ ಎಂದು ಬಾಯಿಗೆ ಬಂದಂತೆ ಕೂಗಾಡಿದೆ. ಅಧ್ಯಕ್ಷರು ಚಹಾ ತರಿಸಿದರು. ನಾನು ಕೂಗಿ ಮುಗಿಸುವ ತನಕ ಕಾದು, ಪಂಚಾಯ್ತಿಯ ಒಂದು ಕಾಗದ ನನ್ನ ಕಡೆ ತಿರುಗಿಸಿದರು. ತಕರಾರು ಬಂದಿರುವುದು ಒಂದು ಎಂದಿತ್ತು. ಎಲೆಯವನದು. ಅದರ ಪಕ್ಕದಲ್ಲಿ ಷರಾ: ಅರ್ಜಿದಾರನಿಗೆ ಆಟದ ಹಿತಾಸಕ್ತಿ ಇರುವುದರಿಂದ ಪರಿಗಣಿಸಿಲ್ಲ, ಊರಿನವರ ಪೂರ್ಣ ಒಪ್ಪಿಗೆ ಇದೆ.

'ಚಹಾ ಕುಡಿ ತಂಗಿ, ಆರ್ತೈತಿ,' ಎಂದರು ಅಧ್ಯಕ್ಷರು. ಅವರ ದನಿಯಲ್ಲಿ ಕುಹಕವೇನೂ ಇರಲಿಲ್ಲ.

ಈಗ ಕಟ್ಟಡ ಎರಡನೇ ಅಂತಸ್ತು ಮುಟ್ಟಿದೆ. ಹೇಳಿದಂತೆ ಕಲ್ಲನ್ನು ಮುಂದೆ ನಿಲ್ಲಿಸಿದ್ದಾರೆ, ಸುತ್ತ ಹುಲ್ಲು ಹಚ್ಚಿ ನೀಲಿ ದೀಪ ಹಾಕಿದ್ದಾರೆ. ಅಲುಗಬಾರದೆಂದು ಮೊಳಕಾಲುದ್ದ ಸಿಮೆಂಟು ಸುರಿದಿದ್ದಾರೆ. ಕತ್ತಿ ಎತ್ತಿ ನಿಂತವನು, ಅವನ ದನಗಳು, ಆ ಸಾಲಿಗೆ ಸಾಲೇ ಸಿಮೆಂಟಿನೊಳಗೆ ಹೋಗಿದೆ. ಕಾದಾಡಿದ್ದು ಯಾರಿಗೂ ಕಾಣುವುದಿಲ್ಲ. ಹೆಂಗಸರು ಎತ್ತಿಕೊಂಡು ಹೊರಟದ್ದು, ಲಿಂಗದ ಮುಂದೆ ಕೈಮುಗಿದು ಕೂತದ್ದು, ಇಷ್ಟೇ ಕಾಣುತ್ತದೆ. ಇದನ್ನೇ ಅವರು ಪರಂಪರೆ ಎನ್ನುತ್ತಾರೆ, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನನ್ನ ಅಣ್ಣನ ಮಗಳ ಮದುವೆಯ ಮಾತು ಬೇರೆ ಯಾವುದೋ ಕಾರಣಕ್ಕೆ ಮುರಿದುಹೋಯಿತು.

ಗಂಡುಮಕ್ಕಳ ಎರಡು ತಂಡಗಳಲ್ಲಿ ಒಂದು ಉಳಿದಿದೆ. ವಾರಕ್ಕೊಮ್ಮೆ ಟೆಂಪೋ ಹತ್ತಿ ತಿಳವಳ್ಳಿಯ ಕಡೆ ಯಾರದೋ ಕೊಯ್ದ ಹೊಲದಲ್ಲಿ ಆಡಿ ಬರುತ್ತಾರೆ. ಹೆಣ್ಣುಮಕ್ಕಳನ್ನು ಅಷ್ಟು ದೂರ ಯಾರು ಕಳಿಸುತ್ತಾರೆ? ಆ ತಂಡ ನಿಂತಿತು. ಎಲೆಯವನ ಮಗಳು ಈಗ ಅಪ್ಪನ ಜೊತೆ ಎಲೆ ಎಣಿಸುತ್ತಾಳೆ.

ಅವನ ಅಂಗಡಿಗೆ ಹೋಗಲು ನನಗೆ ಏಳೆಂಟು ತಿಂಗಳು ಬೇಕಾಯಿತು. ಹೋದ ದಿನ ಇಬ್ಬರೂ ಒದ್ದೆ ಗೋಣಿಯ ಮೇಲೆ ಎಲೆ ಹರಡಿಕೊಂಡು ಕೂತಿದ್ದರು. ನನ್ನನ್ನು ನೋಡಿ ಅವನು ಎದ್ದು ಸ್ಟೂಲು ಒರೆಸಿ ಇಟ್ಟ. ದಾರಿಯುದ್ದಕ್ಕೂ ಬಹಳ ಮಾತು ಹೊಂದಿಸಿಕೊಂಡು ಬಂದಿದ್ದೆ. ತಪ್ಪಾಯಿತು ಎಂದೆ. ಅವನು ಕೂತು ಮತ್ತೆ ಎಲೆ ಕೈಗೆ ತೆಗೆದುಕೊಂಡ. ಮಗಳು ತಲೆ ಎತ್ತದೆ ಎಣಿಸುತ್ತಿದ್ದಳು. ಕೇಳಿದವಳು ಅವಳೇ.

'ನೀವು ಫೋಟೋ ಕಳಿಸಿದ್ರಲ್ಲಾ, ಆ ಬಯಲು. ಸುತ್ತೆಲ್ಲಾ ಅಪಾರ್ಟ್‌ಮೆಂಟ್ ಅದಾವು. ಅದನ್ನೂ ಯಾರರ ಕೇಳಾಕ ಬಂದಿರಬೇಕಲ್ರಿ?'

ಬಂದಿರಬೇಕು ಎಂದೆ.

'ಆವಾಗ ಬ್ಯಾಡ ಅಂದವ್ರು ಯಾರ್ರೀ?'

ನನಗೆ ಗೊತ್ತಿರಲಿಲ್ಲ. ಏಳು ತಿಂಗಳು ಪ್ರತಿ ಭಾನುವಾರ ಆ ಬಯಲಿನ ಅಂಚಿಗೆ ಕೂತು ತೆನೆ ತಿಂದಿದ್ದೆ. ಕಮಾನು ಎಷ್ಟೆಂದು ಕೇಳಿದ್ದೆ, ಕಲ್ಲು ಎಲ್ಲಿಯದೆಂದು ಕೇಳಿದ್ದೆ, ಕಾರ್ಖಾನೆಯಲ್ಲಿ ಎಷ್ಟು ಜನ ದುಡಿಯುತ್ತಾರೆಂದು ಕೇಳಿದ್ದೆ. ಇದನ್ನೊಂದು ಕೇಳಿರಲಿಲ್ಲ. ಒಳ್ಳೆಯ ಊರುಗಳು ತಾವಾಗಿಯೇ ಒಳ್ಳೆಯದಾಗಿರುತ್ತವೆ ಎಂದುಕೊಂಡು ಬಂದಿದ್ದೆ. ಆ ಬುಟ್ಟಿ ಹೊತ್ತ ಮನೆಯೊಡತಿಯೇ ಆಗಿರಬಹುದು, ಅವಳ ಗಂಡನೋ ಅಳಿಯನೋ ಆಗಿರಬಹುದು, ಒಂದು ದಿನ ಯಾರದೋ ಮೋರೆಯ ಎದುರು ನೇರ ನಿಂತು, ಯಾರದೋ ಮದುವೆಯ ಮಾತು ಮುರಿದರೂ ಮುರಿಯಲಿ ಎಂದು, ಬೇಡ ಅಂದಿರಬೇಕು.

ಕೇಳಲಿಲ್ಲ ಎಂದೆ ಅವಳಿಗೆ. ಅವಳು ತಲೆಯಾಡಿಸಿ, ಬಿಟ್ಟ ಎಣಿಕೆಯನ್ನು ಮತ್ತೆ ಒಂದರಿಂದ ಶುರುಮಾಡಿದಳು.

ಯಾರೋ ಒಬ್ಬರು ಬೇಡ ಅಂದದ್ದಕ್ಕೆ ಆ ಊರು ಹಾಗಿದೆ. ನಮ್ಮೂರಲ್ಲಿ ಆ ಒಬ್ಬರು ನಾನೇ ಆಗಬೇಕಿತ್ತು, ನನ್ನನ್ನೇ ಬಂದು ಕೇಳಿದ್ದರು, ಮತ್ತು ನಾನು ಏಳೂವರೆಯ ಬಸ್ಸು ಹತ್ತಿದೆ.